ಹಬ್ ಬಿಚ್ಚಿದೆ, ಸದ್ದು ಹೋಗಲಿಲ್ಲ

ಪ್ರಶ್ನೆ: ನನಗೆ 61 ವರ್ಷ. ಬೆಂಗಳೂರಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕೂತು ಊರಿಗೆ ಮರಳಿದ್ದೇನೆ. ಸಕ್ಕರೆ ಕಾಯಿಲೆಗೆ ವ್ಯಾಯಾಮ ಬೇಕೆಂದು ಡಾಕ್ಟರು ಹೇಳಿದ್ದರಿಂದ ಬೆಳಿಗ್ಗೆ ತ್ರಾಸಿಯಿಂದ ಮರವಂತೆವರೆಗೆ ಸೈಕಲ್ ತುಳಿಯುತ್ತೇನೆ. ಈ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಿನ ಚಕ್ರದಲ್ಲಿ ಕರಕರ ಸದ್ದು ಶುರುವಾಯಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ನಾನೇ ಚಕ್ರದ ನಡುವಿನ ಹಬ್ ಬಿಚ್ಚಿದೆ. ಬಾಲ್‌ಗಳು ಅಂಗಳಕ್ಕೆ ಚೆಲ್ಲಿದವು. ಹೆಕ್ಕಿ, ತೊಳೆದು, ಗ್ರೀಸ್ ಹಾಕಿ ಜೋಡಿಸಿದೆ. ಈಗ ಮೊದಲಿಗಿಂತಲೂ ಒರಟು. ನೆರೆಯವರು “ಹ್ವಾಯ್, ಗಾಡಿ ಬಂತ್ ಕಾಣಿ” ಎಂದು ನಗುತ್ತಾರೆ. ಮಗ ಹೊಸದು ಕೊಡಿಸುತ್ತೇನೆ ಎನ್ನುತ್ತಾನೆ. ಹೆದ್ದಾರಿಯಲ್ಲಿ ಚಕ್ರ ಕಳಚಿದರೆ ಎಂಬ ಹೆದರಿಕೆ ಬೇರೆ. ರಾತ್ರಿ ಮಲಗಿದರೂ ಆ ಸದ್ದೇ ಕಿವಿಯಲ್ಲಿ. ಒಂದು ಸೈಕಲ್ ಸರಿಮಾಡಲಾಗದವನು ಇನ್ಯಾವುದಕ್ಕೆ ಆದೇನು ಅನಿಸುತ್ತದೆ.
– ಹೆಸರು ಬೇಡ, ತ್ರಾಸಿ

ಉತ್ತರ: ನಿಮ್ಮ ಪತ್ರದಲ್ಲಿ ಬಹುಪಾಲು ಚಕ್ರದ್ದೇ ಮಾತು. ನಿಮ್ಮ ಬಗ್ಗೆ ಇರುವುದು ಕೊನೆಯ ಒಂದು ವಾಕ್ಯ. ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ.

ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರಿಗೆ ದಿನದ ಲೆಕ್ಕ ಅದೇ ರಾತ್ರಿ ತಾಳೆಯಾಗಬೇಕು. ಆಗದಿದ್ದರೆ ನಿದ್ದೆ ಹತ್ತುವುದಿಲ್ಲ. ಈಗ ಕೈಗೆತ್ತಿಕೊಂಡ ಕೆಲಸ ತಾಳೆಯಾಗುತ್ತಿಲ್ಲ. ಜೊತೆಗೆ, ಬೆಳಗಾದರೆ ಎಲ್ಲಿಗೆ ಹೋಗಬೇಕೆಂದು ಹೇಳುವ ಕೆಲಸವೂ ಇಲ್ಲ. ಹೀಗಿರುವಾಗ ಒಂದು ಸಣ್ಣ ಸದ್ದು ಇಷ್ಟು ದೊಡ್ಡದಾಗಿ ಕೇಳುವುದು ಸಹಜ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ನೆರೆಯವರ ನಗುವಿನಲ್ಲಿ ಸಲುಗೆಯೂ ಇದ್ದೀತು. ಮಗನ ಮಾತಿನಲ್ಲಿ ಅಕ್ಕರೆ ಇರುವುದಂತೂ ಖಂಡಿತ.

ಇನ್ನು ನೀವೇ ಕೆಡಿಸಿದಿರೇ ಎಂಬ ಪ್ರಶ್ನೆ. ನೀವು ತುಳಿಯುವ ದಾರಿಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಆ ದಾರಿಯಲ್ಲಿ ಗಾಳಿಗೂ ಉಪ್ಪು, ಅಂಚಿನಲ್ಲಿ ಮರಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನಿಂದ ನೀರು. ಹಬ್ಬಿನೊಳಗಿನ ಗ್ರೀಸ್ ತೊಳೆದುಹೋಗಿ ಉಪ್ಪುನೀರು ಹೊಕ್ಕರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಬಾಲ್ ಉರುಳುವ ಹಾದಿಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಹಳೆಯ ಕೊಳೆ, ಗಟ್ಟಿಯಾದ ಗ್ರೀಸ್ ಇರುವಷ್ಟು ದಿನ ಆ ಗುಳಿಗಳು ಕೈಗೆ ತಿಳಿಯುವುದಿಲ್ಲ. ತೊಳೆದ ಮೇಲೆ ತಿಳಿಯುತ್ತವೆ. ನೀವು ಬಿಚ್ಚುವ ಮೊದಲೇ ಸವೆದದ್ದು, ನೀವು ತೊಳೆದದ್ದರಿಂದ ಬೆಳಕಿಗೆ ಬಂದಿರುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ಸರಿಮಾಡುವ ಆತುರವನ್ನು ಸ್ವಲ್ಪ ಬದಿಗಿಟ್ಟು, ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನಷ್ಟೇ ಹುಡುಕಿ. ಪಾನ (ಸ್ಪ್ಯಾನರ್) ಮುಟ್ಟಬೇಡಿ. ಮನೆಯ ಹತ್ತಿರದ ಸಣ್ಣ ರಸ್ತೆಯಲ್ಲಿ ನಿಧಾನವಾಗಿ ತುಳಿದು, ಪೆಡಲ್ ನಿಲ್ಲಿಸಿ, ಸೈಕಲ್ಲನ್ನು ಅದರ ಪಾಡಿಗೆ ಹೋಗಲು ಬಿಡಿ. ತುಳಿಯುವಾಗ ಮಾತ್ರ ಸದ್ದಾದರೆ ದೋಷ ಚೈನ್ ಅಥವಾ ಪೆಡಲ್ ಕಡೆ ಇರಬಹುದು. ಪೆಡಲ್ ನಿಲ್ಲಿಸಿದಾಗ ಬರುವ ಹದವಾದ ಟಿಕ್ ಟಿಕ್ ಫ್ರೀವೀಲಿನದು, ಅದು ಕಾಯಿಲೆಯಲ್ಲ. ಎರಡೂ ಹೊತ್ತು ಕರಕರ ಎಂದರೆ ಹಬ್ ಮೇಲೆ ಅನುಮಾನಪಡಬಹುದು. ಅದಕ್ಕೂ ಮೊದಲು ಮಡ್‌ಗಾರ್ಡ್, ಬ್ರೇಕ್ ರಬ್ಬರ್ ತಾಗುತ್ತಿದೆಯೇ ನೋಡಿ. ಆಕ್ಸಲ್ ಬುಡವನ್ನೂ ನೋಡಿ. ಗಂಗೊಳ್ಳಿ ಬಂದರು ಹತ್ತಿರವಿರುವ ನಿಮ್ಮ ಕಡೆ ರಸ್ತೆಯಲ್ಲಿ ಬಲೆಯ ನೈಲಾನ್ ಎಳೆ ಬಿದ್ದಿದ್ದರೆ ಆಶ್ಚರ್ಯವಿಲ್ಲ, ಅದು ಸುತ್ತಿಕೊಂಡು ಕೂತರೂ ಚಕ್ರ ಬಿಗಿಯುತ್ತದೆ.

ಇವೆಲ್ಲ ಸರಿಯಿದ್ದರೆ ಚಕ್ರ ಕಳಚಿ, ಆಕ್ಸಲ್ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ಮರಳು ಅರೆದಂತೆ ಅನಿಸಿದರೆ ಕೊಳೆ ಇಲ್ಲವೇ ಗುಳಿ. ಒಂದೇ ಜಾಗಕ್ಕೆ ಬಂದಾಗ ಬಿಗಿಯಾಗಿ ಮತ್ತೆ ಸಡಿಲವಾದರೆ ಆಕ್ಸಲ್ ಬಾಗಿರಬಹುದು. ಸುತ್ತ ಪೂರ್ತಿ ಬಿಗಿಯಾಗಿದ್ದರೆ, ಬಾಲ್‌ಗಳನ್ನು ಒತ್ತಿ ಹಿಡಿಯುವ ಕೋನ್ ಅತಿಯಾಗಿ ಬಿಗಿದಿದೆ. ಮೊದಲ ಸಲ ಜೋಡಿಸುವ ಎಲ್ಲರ ಕೈಯಲ್ಲೂ ಆಗುವುದು ಇದೇ. ಕೋನನ್ನು ಹದಕ್ಕೆ ತಂದು ಲಾಕ್ ನಟ್ ಬಿಗಿಯುವಾಗ, ಆ ನಟ್ ಕೋನನ್ನು ಇನ್ನಷ್ಟು ಒಳಕ್ಕೆ ಒತ್ತುತ್ತದೆ. ಕೋನನ್ನು ತೆಳು ಪಾನದಿಂದ ಅಲುಗದಂತೆ ಹಿಡಿದು, ಇನ್ನೊಂದು ಪಾನದಿಂದ ನಟ್ ಬಿಗಿದು, ಮತ್ತೆ ಬೆರಳಲ್ಲಿ ತಿರುಗಿಸಿ ನೋಡಬೇಕು. ಎರಡು ಮೂರು ಸಲ ಬಿಚ್ಚಿ ಬಿಗಿಯಬೇಕಾಗಿ ಬಂದರೆ ಅದು ಸೋಲಲ್ಲ, ಕೆಲಸ ಇರುವುದೇ ಹಾಗೆ.

ಅಂಗಳದಲ್ಲಿ ಹೆಕ್ಕಿದ ಬಾಲ್‌ಗಳ ಬಗ್ಗೆ ಒಂದು ಮಾತು. ಸಾಮಾನ್ಯ ಹಿಂದಿನ ಹಬ್ಬಿನಲ್ಲಿ ಕಾಲು ಇಂಚಿನ ಬಾಲ್ ಬದಿಗೆ 9ರಂತೆ ಒಟ್ಟು 18 ಇರುತ್ತವೆ. ಒಂದು ಕಡೆ 10, ಇನ್ನೊಂದು ಕಡೆ 8 ಆಗಿ ಕೂತರೂ ಚಕ್ರ ಹಟ ಹಿಡಿಯುತ್ತದೆ. ಕಳೆದದ್ದನ್ನು ಹುಡುಕುತ್ತ ಮರಳು ಜಾಲಿಸಬೇಡಿ. ಹಳೆಯದರ ಜೊತೆ ಹೊಸದನ್ನು ಬೆರೆಸುವ ಬದಲು ಇಡೀ ಸೆಟ್ ಬದಲಿಸುವುದು ಒಳ್ಳೆಯದು. ಕೋನ್‌ಗಳೂ ಬಿಡಿಯಾಗಿ ಸಿಗುತ್ತವೆ. ಹಬ್ಬಿನೊಳಗೆ ಬಾಲ್ ಕೂರುವ ಕಪ್ಪಿನಲ್ಲೇ ಗುಳಿ ಬಿದ್ದಿದ್ದರೆ ಮಾತ್ರ ಹಬ್ ಬದಲಿಸುವ ಮಾತು ಬರುತ್ತದೆ. ಇಡೀ ಸೈಕಲ್ ಎಸೆಯುವ ಮಾತು ಆಗಲೂ ಬರುವುದಿಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳನ್ನು ಕರಕರ ಸದ್ದಿಗೆ ಹೆದರಿ ಕೊಟ್ಟಿಗೆಗೆ ಸೇರಿಸಿದವರೂ ಇದನ್ನು ಓದಿಕೊಳ್ಳಲಿ.

ಒಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಚಕ್ರ ಹಿಡಿದು ಎಡಬಲಕ್ಕೆ ಅಲುಗಿಸಿದಾಗ ಹಬ್ಬಿನಲ್ಲಿ ಆಟ ಕಂಡರೆ, ಅಥವಾ ಆಕ್ಸಲ್ ಬಾಗಿದೆ ಅನಿಸಿದರೆ, ಹೆದ್ದಾರಿಗೆ ಇಳಿಯಬೇಡಿ. ಫ್ರೀವೀಲ್ ಇರುವ ಬಲಗಡೆ ಆಕ್ಸಲ್‌ಗೆ ಆಧಾರ ಕಡಿಮೆ, ಮುರಿಯುವುದಾದರೆ ಸಾಮಾನ್ಯವಾಗಿ ಅಲ್ಲೇ. ನಿಮ್ಮ ಹೆದರಿಕೆ ಅಷ್ಟರ ಮಟ್ಟಿಗೆ ನ್ಯಾಯವಾದದ್ದೇ. ಬಲಗಡೆಯ ಕೋನ್ ಫ್ರೀವೀಲಿನ ಹಿಂದೆ ಅಡಗಿರುತ್ತದೆ, ಫ್ರೀವೀಲ್ ಬಿಚ್ಚಲು ಬೇರೆ ಸಲಕರಣೆ ಬೇಕು. ಚಕ್ರವನ್ನು ಸೈಕಲ್ ಶಾಪಿಗೆ ಒಯ್ಯಿರಿ. “ಬಿಚ್ಚಿ ಹಾಕಿದ್ದೆ, ಸರಿಹೋಗಲಿಲ್ಲ, ಕೋನ್ ತೋರಿಸಿ ಮಾರಾಯ್ರೆ” ಎಂದು ನೇರವಾಗಿ ಹೇಳಿ, ಪಕ್ಕದಲ್ಲೇ ಕೂತು ನೋಡಿ. ಅವರು ‘ಪೂರಾ ಚಕ್ರ ಬದಲಿಸಿ’ ಎಂದರೆ ಯಾಕೆಂದು ಕೇಳಿ. ಸವೆತವನ್ನು ಕಣ್ಣಿಗೆ ತೋರಿಸಲು ಸಾಧ್ಯ.

ಚಕ್ರ ಶಾಪಿನಲ್ಲಿರುವಷ್ಟು ದಿನ ಅದೇ ಹೊತ್ತಿಗೆ ಎದ್ದು ನಡೆಯಿರಿ. ಸಕ್ಕರೆ ಕಾಯಿಲೆ ಹಬ್ಬಿಗಾಗಿ ಕಾಯುವುದಿಲ್ಲ. ರಾತ್ರಿ ಹಾಸಿಗೆಯಲ್ಲಿ ಆ ಸದ್ದು ಮತ್ತೆ ಬಂದರೆ ಅದರೊಡನೆ ಗುದ್ದಾಡಬೇಡಿ, ನಾಳೆ ನೋಡಬೇಕಾದ ಒಂದೇ ಒಂದು ವಿಷಯವನ್ನು ಚೀಟಿಯಲ್ಲಿ ಬರೆದಿಟ್ಟು ಮಲಗಿ. ಚಕ್ರ ಸರಿಯಾದ ಮೇಲೂ ಎರಡು ವಾರ ನಿದ್ದೆ ಬಾರದಿದ್ದರೆ, ‘ನಾನು ಯಾವುದಕ್ಕೂ ಆಗದವನು’ ಎಂಬ ಯೋಚನೆ ಬಿಡದಿದ್ದರೆ, ಸಕ್ಕರೆ ನೋಡುವ ಡಾಕ್ಟರಿಗೇ ಅದನ್ನೂ ಹೇಳಿ. ಅಷ್ಟು ದಿನ ಕಾಯುವುದು ಕಷ್ಟವೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಮಗನಿಗೆ ಈ ಪುಟ ಓದಿಸಿ. ಹೊಸ ಸೈಕಲ್ ಸದ್ಯಕ್ಕೆ ಬೇಡ, ಕೋನ್ ಹಿಡಿಯುವ ತೆಳು ಪಾನ ಒಂದನ್ನು ತಂದುಕೊಡಲಿ.