ಹಳೆಯ ಗಣಕಯಂತ್ರ: ದುರಸ್ತಿಯೋ, ಬದಲಾವಣೆಯೋ?

ಶಾಲೆಯ ಕಚೇರಿಯಲ್ಲಿ ಹತ್ತು ಹನ್ನೆರಡು ವರ್ಷ ದುಡಿದ ಗಣಕಯಂತ್ರವು ಮಂದಗತಿಗಿಳಿದಾಗ ಆಡಳಿತವರ್ಗದ ಮುಂದೆ ಬರುವ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಅದಕ್ಕೆ ಹೊಸ ಬಿಡಿಭಾಗಗಳನ್ನು ಹಾಕಿಸಬೇಕೇ, ಇಲ್ಲವೇ ಹೊಸ ಯಂತ್ರವನ್ನೇ ಕೊಳ್ಳಬೇಕೇ? ಅವಸರದ ನಿರ್ಣಯದಿಂದ ದಾನಿಗಳ ಹಣವೂ, ಕೆಲವೊಮ್ಮೆ ಹಲವು ವರ್ಷಗಳ ಕನ್ನಡ ದಾಖಲೆಗಳೂ ನಷ್ಟವಾಗುವುದುಂಟು. ಆದಕಾರಣ ವಿಷಯವು ವಿಚಾರಾರ್ಹವಾಗಿದೆ.

ಕುಂದಾಪುರ ತಾಲೂಕಿನ ಅಮಾಸೆಬೈಲನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಪಶ್ಚಿಮಘಟ್ಟದ ತಪ್ಪಲಿನ ಗ್ರಾಮವಿದು. ನೆರೆಯ ಹೊಸಂಗಡಿಯಲ್ಲಿ 460 ಮೆಗಾವಾಟ್ ಸಾಮರ್ಥ್ಯದ ವಾರಾಹಿ ಭೂಗರ್ಭ ವಿದ್ಯುದಾಗಾರವಿದ್ದರೂ, ಕಾರ್ಗಾಲದಲ್ಲಿ ಕಾಡಿನ ನಡುವಣ ತಂತಿಯ ಮೇಲೆ ಮರವುರುಳಿದರೆ ಕತ್ತಲೆ ತಪ್ಪದು. ಈ ಕೊರತೆಯನ್ನು ಮನಗಂಡು ಎ. ಜಿ. ಕೊಡ್ಗಿಯವರ ಮುಂದಾಳುತನದಲ್ಲಿ 2010ರ ದಶಕದಲ್ಲಿ ಮನೆಮನೆಗೆ ಸೌರದೀಪವನ್ನು ಒದಗಿಸಿದ ಕಾರ್ಯವು ನಾಡಿನ ಗಮನ ಸೆಳೆಯಿತು. ಆದರೆ ದೀಪಕ್ಕೆ ಸಾಲುವ ಶಕ್ತಿ ಮೇಜಿನ ಗಣಕಕ್ಕೆ ಸಾಲದು. ಸಿಡಿಲು, ಏರಿಳಿಯುವ ವಿದ್ಯುತ್ತು, ಗೋಡೆಯೇ ಬೆವರುವಂತಹ ತೇವ ಇವುಗಳ ನಡುವೆ ದುಡಿಯುವ ಯಂತ್ರದ ಆಯುಸ್ಸನ್ನು ಬೆಂಗಳೂರಿನ ಕಚೇರಿಯ ಯಂತ್ರದ ಆಯುಸ್ಸಿನೊಡನೆ ಅಳೆಯುವುದು ಉಚಿತವಲ್ಲ.

ಇಂತಹ ಊರುಗಳಲ್ಲಿ 'ಕೆಟ್ಟಿತು' ಎಂದು ಮೂಲೆ ಸೇರುವ ಯಂತ್ರಗಳಲ್ಲಿ ಎಷ್ಟೋ ನಿಜವಾಗಿ ಕೆಟ್ಟಿರುವುದಿಲ್ಲ. ತೇವದಿಂದ ರ್‍ಯಾಮ್ ಪಟ್ಟಿಯ ಅಂಚಿಗೆ ಕಿಲುಬು ಹಿಡಿದರೆ ಪರದೆಯ ಮೇಲೆ ಏನೂ ಮೂಡದು. ವಿದ್ಯುತ್ ಸಂಪರ್ಕ ಕಿತ್ತು, ಪಟ್ಟಿಯನ್ನು ಹೊರತೆಗೆದು, ಮೃದುವಾದ ರಬ್ಬರಿನಿಂದ ಅಂಚನ್ನು ಉಜ್ಜಿ ಮತ್ತೆ ಕೂರಿಸಿದೊಡನೆ ಯಂತ್ರ ಎಚ್ಚರಗೊಳ್ಳುವುದುಂಟು. ಇರುವೆಯ ಗೂಡು, ಹಲ್ಲಿಯ ಮೊಟ್ಟೆಗಳೂ ಒಳಗೆ ದೊರೆಯುತ್ತವೆ. ಇನ್ನೊಂದು ವಿಚಿತ್ರ ವ್ಯಾಧಿಯಿದೆ. ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದರೆ ಗಣಕವು ದಿನಾಂಕವನ್ನೇ ಮರೆಯುತ್ತದೆ. ದಿನಾಂಕ ತಪ್ಪಿದೊಡನೆ ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಗಳು ಅದಕ್ಕೆ ಅಸಿಂಧುವಾಗಿ ತೋರಿ, ಅಂತರಜಾಲವೇ ತೆರೆಯದಾಗುತ್ತದೆ. ಕೆಲವೇ ರೂಪಾಯಿಗಳ ಈ ಬ್ಯಾಟರಿಯನ್ನು ನೋಡದೆ ಹೊಸ ಯಂತ್ರಕ್ಕೆ ದರಪಟ್ಟಿ ತರಿಸುವುದು ವಿವೇಕವೆನಿಸದು.

ನಿಧಾನಗತಿಯ ಮಾತು ಬೇರೆ. ಹಳೆಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 7,200 ಸುತ್ತು ತಿರುಗುತ್ತದೆ. ಅದರ ಮುಳ್ಳು ಬೇಕಾದ ಸ್ಥಳವನ್ನು ತಲುಪಲು ಸುಮಾರು 10 ಮಿಲಿಸೆಕೆಂಡು ಹಿಡಿಯುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ.ಗೆ ಅದರ ನೂರನೆಯ ಒಂದು ಪಾಲು ಸಾಕು. ಡಿಸ್ಕಿನ ಜಾಗದಲ್ಲಿ ಎಸ್.ಎಸ್.ಡಿ. ಹಾಕಿ, ರ್‍ಯಾಮನ್ನು 8 ಜಿ.ಬಿ.ಗೆ ಏರಿಸಿದರೆ ಹತ್ತು ವರ್ಷದ ಯಂತ್ರವೂ ಪತ್ರವ್ಯವಹಾರ, ಅಂಕಪಟ್ಟಿ, ಪಾಠದ ಚಲಚ್ಚಿತ್ರಗಳಿಗೆ ಧಾರಾಳವಾಗಿ ಒದಗುತ್ತದೆ. ಆದರೆ ಡಿ.ಡಿ.ಆರ್.3 ಪಟ್ಟಿಯ ಜಾಗದಲ್ಲಿ ಡಿ.ಡಿ.ಆರ್.4 ಕೂರದು, ಕೊಳ್ಳುವವರು ಹಳೆಯ ಪಟ್ಟಿಯನ್ನೇ ಅಂಗಡಿಗೆ ಒಯ್ಯುವುದು ಕ್ಷೇಮ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ರ್‍ಯಾಮಿನ ಬೆಲೆ ತೀವ್ರವಾಗಿ ಏರಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿದ್ದರೆ ಮಾತ್ರ ಅದಕ್ಕೆ ಇನ್ನಷ್ಟು ಹಣ ಸುರಿಯುವುದು ವ್ಯರ್ಥ.

ಯಂತ್ರವು ಗಟ್ಟಿಯಾಗಿದ್ದರೂ ಒಂದು ಗಡುವು ಹೊರಗಿನಿಂದ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು. ಇಂಟೆಲ್ ಕೋರ್ ಸಂಸ್ಕಾರಕವಾದರೆ ಬಹುತೇಕ ಎಂಟನೆಯ ತಲೆಮಾರಿನದು ಅಥವಾ ಅನಂತರದ್ದಾಗಿರಬೇಕು. ಇದನ್ನು ತಿಳಿಯುವುದು ಸುಲಭ: ಐ3-8100 ಎಂದಿದ್ದರೆ ಎಂಟನೆಯ ತಲೆಮಾರು, ಐ3-4130 ಎಂದಿದ್ದರೆ ನಾಲ್ಕನೆಯದು. ನಾಲ್ಕನೆಯದಕ್ಕೆ ಉಳಿದಿರುವ ಯೋಗ್ಯ ಮಾರ್ಗ ಲಿನಕ್ಸ್. ಕೇರಳದ ಸರಕಾರಿ ಶಾಲೆಗಳು, ಕಾಸರಗೋಡಿನ ಕನ್ನಡ ಮಾಧ್ಯಮದವೂ ಸೇರಿ, ಬಹುಕಾಲದಿಂದ ಲಿನಕ್ಸಿನಲ್ಲಿಯೇ ಪಾಠ ನಡೆಸುತ್ತಿವೆ. ಮಕ್ಕಳಿಗೆ ಅದು ಕಷ್ಟವೆಂಬ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ಕಷ್ಟವಿರುವುದು ಕಚೇರಿಗೆ. ಹಳೆಯ ಪ್ರಶ್ನೆಪತ್ರಿಕೆಗಳೂ ಸುತ್ತೋಲೆಗಳೂ ಬಹುಮಟ್ಟಿಗೆ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಗೊಂದಲ ಕಾಣಿಸುತ್ತದೆ. ನುಡಿಯ ಕೀಲಿಮಣೆಗೆ ಮೂಲವಾದ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಇದೇ ಕರಾವಳಿಯವರು. ಆ ಕೀಲಿಮಣೆಗೆ ಪಳಗಿದ ಕೈಗೆ ಯೂನಿಕೋಡಿನಲ್ಲಿಯೂ ಅದೇ ವಿನ್ಯಾಸ ದೊರೆಯುತ್ತದೆ, ಹೊಸದಾಗಿ ಕಲಿಯಬೇಕಾದುದಿಲ್ಲ. ಹಳೆಯ ಕಡತಗಳನ್ನಾದರೋ ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಹಳೆಯ ಯಂತ್ರವು ಇನ್ನೂ ನಡೆಯುತ್ತಿರುವಾಗಲೇ ಈ ಕೆಲಸ ಆಗಬೇಕಾದದ್ದು.

ದಾನದ ವಿಷಯದಲ್ಲಿಯೂ ಒಂದು ಮಾತು. ನಗರದ ಕಚೇರಿಗಳು ಕಳಚಿದ ಗಣಕಗಳನ್ನು ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ತಂದೊಪ್ಪಿಸುತ್ತಾರೆ. ಅವುಗಳ ತಲೆಮಾರನ್ನು ಮೊದಲೇ ವಿಚಾರಿಸದೆ ಸ್ವೀಕರಿಸಿದ ಶಾಲೆಗೆ ಇ-ತ್ಯಾಜ್ಯದ ಹೊಣೆಯೂ ಬರುತ್ತದೆ. ಅದನ್ನು ಗುಜರಿಗೆ ಹಾಕದೆ ನೋಂದಾಯಿತ ಸಂಸ್ಕರಣಕಾರರಿಗೆ ತಲುಪಿಸುವುದು ಯುಕ್ತ. ನಾಲ್ಕು ಹಳೆಯ ಯಂತ್ರಗಳಿಗಿಂತ ನಾಲ್ಕು ಎಸ್.ಎಸ್.ಡಿ.ಗಳೂ ಒಂದು ಯು.ಪಿ.ಎಸ್. ಬ್ಯಾಟರಿಯೂ ಅಮಾಸೆಬೈಲಿನಂತಹ ಊರಿಗೆ ಹೆಚ್ಚು ಉಪಕಾರಿ. ಬದಲಾಯಿಸಿದ ಹಳೆಯ ಡಿಸ್ಕಿಗೆ ಚೀಟಿ ಅಂಟಿಸಿ, ಹೊಸ ವ್ಯವಸ್ಥೆಯಲ್ಲಿ ಒಂದು ವಾರ್ಷಿಕ ಪರೀಕ್ಷೆಯ ಕೆಲಸ ಸಾಂಗವಾಗಿ ಮುಗಿಯುವವರೆಗೆ ಕಚೇರಿಯ ಕಪಾಟಿನಲ್ಲಿ ಒಣಗಿದ ಸ್ಥಳದಲ್ಲಿ ಇರಿಸತಕ್ಕದ್ದು.