ಗ್ರೀನ್‌ಗೆ ಕೈ ಹಚ್ಚುವ ಮುನ್ನ

ಮುಂಬಯಿಯ ಗಾಲ್ಫ್ ಅಂಗಳಗಳಲ್ಲಿ ಹುಲ್ಲು ನೋಡಿಕೊಳ್ಳುವ ಮಾಲಿಗಳು, ಮುಕಾದಮರು, ಗುತ್ತಿಗೆದಾರರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಜೂನ್ ಎರಡನೆಯ ವಾರದ ಹೊತ್ತಿಗೆ ಮುಂಬಯಿಗೆ ಮಳೆ ಹಿಡಿಯುತ್ತದೆ. ಅಷ್ಟರೊಳಗೆ ಹುಲ್ಲು ಪೂರ್ತಿ ಮುಚ್ಚಿಕೊಳ್ಳುವ ಖಾತ್ರಿ ಇಲ್ಲದಿದ್ದರೆ ಯಾವ ಗ್ರೀನನ್ನೂ ಅಗೆಯಬೇಡಿ. ಮುಂದಿನ ಸೂಚನೆಗಳನ್ನು ಮರೆತರೂ ಇದೊಂದನ್ನು ಮರೆಯಕೂಡದು.

ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಈ ಕೆಲಸಕ್ಕೆ ಬಂದವರಿಗೆ ಒಂದು ಮಾತು. ಊರಲ್ಲಿ ಹೊಲದ ಕರಿಕಿ ಕಿತ್ತು ಕಿತ್ತು ನಿಮ್ಮ ಕೈ ಜಡ್ಡುಗಟ್ಟಿದೆ. ಇಲ್ಲಿ ಅದೇ ಕರಿಕಿಗೆ ಸಂಬಳ ಕೊಟ್ಟು ಸಾಕಿಸುತ್ತಾರೆ. ನಗಬೇಡಿ. ಗಣಪತಿಗೆ ಏರಿಸುವ ಗರಿಕೆ, ಹೊಲದ ಕರಿಕಿ, ಸಾಹೇಬರು ಬರ್ಮುಡಾ ಎನ್ನುವ ಹುಲ್ಲು, ಮೂರೂ ಒಂದೇ. ಗ್ರೀನ್‌ಗೆಂದೇ ಬೆಳೆಸುವುದು ಅದರ ಮಿಶ್ರತಳಿ. ಅಮೆರಿಕದ ಜಾರ್ಜಿಯಾದ ಟಿಫ್ಟನ್ ಸಂಶೋಧನಾ ಕೇಂದ್ರದಿಂದ 1956ರಲ್ಲಿ ಟಿಫ್‌ಗ್ರೀನ್, 1965ರಲ್ಲಿ ಟಿಫ್‌ಡ್ವಾರ್ಫ್ ಬಂದವು. ಇವು ಮೊಳೆಯುವ ಬೀಜ ಕಟ್ಟುವುದಿಲ್ಲ, ಬಳ್ಳಿಯ ತುಂಡು ನೆಟ್ಟೇ ಹಬ್ಬಿಸಬೇಕು. ಹಾಗಾಗಿ ನೆಡುವ ತುಂಡು ಎಲ್ಲಿಂದ ಬಂತು ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನಾಡ ಕರಿಕಿ ಬೆರೆತ ನರ್ಸರಿಯಿಂದ ತಂದರೆ ಎರಡೇ ವರ್ಷದಲ್ಲಿ ಗ್ರೀನ್ ಮೇಲೆ ಬೇರೆ ಬೇರೆ ಬಣ್ಣದ ತೇಪೆಗಳು ಕಾಣುತ್ತವೆ. ಆಮೇಲೆ ಯಾವ ಔಷಧಿಯೂ ಅವೆರಡನ್ನು ಬೇರ್ಪಡಿಸದು.

ಅಂಗಳದ ಒಂದು ಮೂಲೆಯಲ್ಲಿ ನಿಮ್ಮದೇ ನರ್ಸರಿ ಮಡಿ ಇಟ್ಟುಕೊಳ್ಳಿ. ಅದಕ್ಕೂ ಗ್ರೀನ್‌ಗೆ ಕೊಡುವಷ್ಟೇ ಕತ್ತರಿ, ಅಷ್ಟೇ ಮರಳು, ಅಷ್ಟೇ ನೀರು. ಕಡೆಗಣಿಸಿದ ಮಡಿಯಿಂದ ತಂದ ತೇಪೆ ಗ್ರೀನ್ ಮೇಲೆ ಕೂರುವುದಿಲ್ಲ.

ಅಂಗಳ ನೋಡಿ ಕೆಲಸ ಮಾಡಿ. ತಾಡದೇವದ ವಿಲಿಂಗ್ಡನ್ ಕ್ಲಬ್ 1918ರದು, ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ 1927ರದು. ಕೊಲಾಬಾದ ಯುನೈಟೆಡ್ ಸರ್ವಿಸಸ್ ಕ್ಲಬ್ಬಿನ ಅಂಗಳಕ್ಕೆ ಸಮುದ್ರವೇ ಬೇಲಿ. ಖಾರ್‌ಘರ್‌ನದು ಗುಡ್ಡದ ಬುಡದಲ್ಲಿದೆ, ಮೇಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಒಂದು ಕಡೆ ನಡೆದದ್ದು ಇನ್ನೊಂದು ಕಡೆ ನಡೆಯುತ್ತದೆ ಎಂದುಕೊಳ್ಳಬೇಡಿ. ಸಮುದ್ರದ ಗಾಳಿ ಬಡಿಯುವಲ್ಲಿ ಎಲೆಯ ಮೇಲೆ ಉಪ್ಪು ಕೂರುತ್ತದೆ, ಸಿಹಿನೀರಿನಿಂದ ತೊಳೆಯಬೇಕು. ಮಣ್ಣಿಗೇ ಉಪ್ಪು ಇಳಿದಿದ್ದರೆ ಜಿಪ್ಸಮ್ ಹಾಕಿ, ಬಸಿದು ಹೋಗುವಷ್ಟು ನೀರು ಕೊಡಬೇಕು. ನೀರು ಕೊಡದೆ ಜಿಪ್ಸಮ್ ಎರಚಿದರೆ ಹಣ ಎರಚಿದಂತೆ. ಉಪ್ಪು ತೀರ ಹೆಚ್ಚಿರುವಲ್ಲಿ ಗರಿಕೆಯ ಹಟ ಬಿಟ್ಟು, ಕಡಲಂಚಿನ ಪಾಸ್ಪಾಲಮ್ ಹುಲ್ಲಿನ ಬಗ್ಗೆ ಸಮಿತಿಯೊಂದಿಗೆ ಮಾತಾಡಿ.

ಗ್ರೀನ್ ಕಿತ್ತು ಹೊಸದು ಕಟ್ಟುವಾಗ

ಮೇಲಿನ ಹಸಿರು ಎಲ್ಲರಿಗೂ ಕಾಣುತ್ತದೆ. ಗ್ರೀನ್ ಬದುಕುವುದೂ ಸಾಯುವುದೂ ಅದರ ಕೆಳಗಿನ ಒಂದೂವರೆ ಅಡಿಯಲ್ಲಿ. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಹೊರತಂದು, ಆಮೇಲೆ ತಿದ್ದುತ್ತ ಬಂದ ವಿಧಾನವನ್ನು ಇಂದು ಜಗತ್ತಿನ ಬಹುಪಾಲು ಕಡೆ ಅನುಸರಿಸುತ್ತಾರೆ. ಅದರ ಪ್ರಕಾರ ತಳದಲ್ಲಿ ತೂತಿನ ಕೊಳವೆಗಳು, ಒಂದರಿಂದ ಇನ್ನೊಂದಕ್ಕೆ 5 ಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ಅದರ ಮೇಲೆ 10 ಸೆಂಟಿಮೀಟರ್ ಜಲ್ಲಿ. ಅದರ ಮೇಲೆ 30 ಸೆಂಟಿಮೀಟರ್ ಮರಳಿನ ಬೇರುನೆಲ. ಹೊಸ ಬೇರುನೆಲ ಗಂಟೆಗೆ ಕನಿಷ್ಠ 150 ಮಿಲಿಮೀಟರ್ ನೀರು ಇಳಿಸಬೇಕು.

ಇಷ್ಟೆಲ್ಲ ಯಾಕೆಂದು ಕೇಳುವವರು 2005ರ ಜುಲೈ 26 ನೆನೆಯಲಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. 500 ಚದರ ಮೀಟರಿನ ಒಂದು ಗ್ರೀನ್ ಮೇಲೆ ಅಷ್ಟು ಬಿದ್ದರೆ ನಾಲ್ಕು ಲಕ್ಷ ಎಪ್ಪತ್ತೆರಡು ಸಾವಿರ ಲೀಟರ್. ಅಂಥ ದಿನ ಯಾವ ಕೊಳವೆಯೂ ಸಾಲದು, ನಿಜ. ಆದರೆ ದಿನಕ್ಕೆ ನೂರು ಮಿಲಿಮೀಟರ್ ಇಲ್ಲಿ ಪ್ರತಿ ವರ್ಷದ ಮಾತು. ಅದೇ ಗ್ರೀನ್‌ಗೆ ಐವತ್ತು ಸಾವಿರ ಲೀಟರ್ ಆಯಿತು. ಅದಕ್ಕೆ ದಾರಿ ಮಾಡದೆ ಹುಲ್ಲು ನೆಟ್ಟರೆ ನೀವು ಕಟ್ಟಿದ್ದು ಭತ್ತದ ಗದ್ದೆ.

ಆದ್ದರಿಂದ:

ಕೊಳವೆ ಹಾಕಿದ ದಿನವೇ, ಮಣ್ಣು ಮುಚ್ಚುವ ಮುಂಚೆ, ಒಂದು ತುದಿಯಿಂದ ನೀರು ಬಿಟ್ಟು ಇನ್ನೊಂದು ತುದಿಯಲ್ಲಿ ಕಣ್ಣಾರೆ ನೋಡಿ. ಹೊರಬಾಯಿ ಎಲ್ಲಿದೆಯೆಂದು ನಕ್ಷೆಯಲ್ಲಿ ಗುರುತು ಹಾಕಿ, ಸಹಿ ಮಾಡಿ, ಕಚೇರಿಗೆ ಕೊಡಿ. ಹಳೆಯ ಅಂಗಳಗಳಲ್ಲಿ ಅರ್ಧ ಆಯುಷ್ಯ ಕೊಳವೆ ಹುಡುಕುವುದರಲ್ಲೇ ಕಳೆಯುತ್ತದೆ, ಹಾಕಿದವನ ತಲೆಯಲ್ಲಿದ್ದ ನಕ್ಷೆ ಅವನೊಂದಿಗೇ ಹೋಗಿರುತ್ತದೆ.

ಖಾಡಿಯ ರೇತಿ ಮುಟ್ಟಬೇಡಿ. ಅಗ್ಗವಾಗಿ ಸಿಗುತ್ತದೆ, ರಾತ್ರಿ ಲಾರಿಯಲ್ಲಿ ಬರುತ್ತದೆ, ಉಪ್ಪನ್ನೂ ಜೊತೆಗೇ ತರುತ್ತದೆ. ಕ್ರಷರ್ ಪುಡಿಯೂ ಬೇಡ. ಅದರ ಕಣಗಳಿಗೆ ಮೂಲೆಗಳಿರುತ್ತವೆ, ನುಣ್ಣನೆಯ ಧೂಳೂ ತುಂಬಿರುತ್ತದೆ, ಮಳೆ ಬಿದ್ದರೆ ಗಚ್ಚಿನಂತೆ ಬಿಗಿದುಕೊಳ್ಳುತ್ತದೆ. ಮರಳಿನ ಬಹುಪಾಲು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನೊಳಗಿರಬೇಕು, ಜೇಡಿ ನೂರಕ್ಕೆ ಮೂರನ್ನು ಮೀರಕೂಡದು. ಪ್ರಯೋಗಾಲಯದ ವರದಿ ಬರುವವರೆಗೂ ಲಾರಿ ಇಳಿಸಬೇಡಿ. ವರದಿ ಬಂದ ಮೇಲೂ ಪ್ರತಿ ಲಾರಿಯಿಂದ ಒಂದು ಹಿಡಿ ತೆಗೆದು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮರಳಿನ ಮೇಲೆ ದಪ್ಪ ಕೆಸರಿನ ಪದರ ಕೂತಿದ್ದರೆ ಉಳಿದ ಲಾರಿ ಹಿಂದೆ ಕಳಿಸಿ. ಮಾದರಿ ಒಂದು, ಮಾಲು ಇನ್ನೊಂದು ಆಗುವುದು ಈ ಊರಿನಲ್ಲಿ ಹೊಸದೇನಲ್ಲ.

ಹಳೆಯ ಕೆಂಪುಮಣ್ಣಿನ ಗ್ರೀನ್ ಮೇಲೆ ಮರಳಿನ ತೆಳು ಪದರ ಹರಡಿ ‘ನವೀಕರಣ’ ಎಂದು ಬಿಲ್ಲು ಬರೆಯಬೇಡಿ. ಎರಡು ಪದರಗಳ ನಡುವೆ ನೀರು ನಿಂತು ಬೇರು ಕೊಳೆಯುತ್ತದೆ, ಬುಡ ಕಪ್ಪಾಗಿ ಕೆಟ್ಟ ವಾಸನೆ ಬರುತ್ತದೆ. ಮಾಡುವುದಿದ್ದರೆ ತಳದಿಂದ ಮಾಡಿ. ದುಡ್ಡಿಲ್ಲದಿದ್ದರೆ ಈ ವರ್ಷ ಎರಡೇ ಗ್ರೀನ್ ಮಾಡಿ, ಉಳಿದವನ್ನು ಮುಂದಿನ ವರ್ಷ ನೋಡೋಣ.

ನೆಟ್ಟ ತುಂಡು ಹಬ್ಬಿ ನೆಲ ಮುಚ್ಚಲು ಎಂಟರಿಂದ ಹನ್ನೆರಡು ವಾರ ಬೇಕು. ಹಿಂದಕ್ಕೆ ಲೆಕ್ಕ ಹಾಕಿ: ಮಾರ್ಚ್ ಮೊದಲ ವಾರ ದಾಟಿತೆಂದರೆ ಆ ವರ್ಷದ ನಾಟಿ ಮುಗಿಯಿತು. ‘ಮಳೆಯಲ್ಲಿ ನೆಟ್ಟರೆ ನೀರಿನ ಖರ್ಚು ಉಳಿಯುತ್ತದೆ’ ಎನ್ನುವ ಗುತ್ತಿಗೆದಾರ ನಿಮಗೆ ಸಿಕ್ಕೇ ಸಿಗುತ್ತಾನೆ. ಮಳೆ ಅವನ ತುಂಡುಗಳನ್ನೂ ನಿಮ್ಮ ಮರಳನ್ನೂ ಒಟ್ಟಿಗೆ ನಾಲಾಕ್ಕೆ ಒಯ್ಯುತ್ತದೆ. ಗರಿಕೆ ಬಿಸಿಲಿನ ಹುಲ್ಲು, ಮೋಡ ಮುಚ್ಚಿದ ಜುಲೈಯಲ್ಲಿ ಅದಕ್ಕೆ ಹಬ್ಬುವ ಹುಮ್ಮಸ್ಸಿರುವುದಿಲ್ಲ.

ಅದೇ ಕಾರಣಕ್ಕೆ ಮರದ ನೆರಳು ಗ್ರೀನ್‌ಗೆ ಶತ್ರು. ಹಾಗೆಂದು ಕೊಡಲಿ ಎತ್ತಬೇಡಿ. 1975ರ ಮಹಾರಾಷ್ಟ್ರ ಮರ ಸಂರಕ್ಷಣೆ ಕಾಯ್ದೆಯಂತೆ ಪಾಲಿಕೆಯ ವೃಕ್ಷ ಪ್ರಾಧಿಕಾರದ ಒಪ್ಪಿಗೆ ಬೇಕು. ಕೈಯಲ್ಲಿ ಕಾಗದ ಇಲ್ಲದೆ ಕೊಂಬೆಯನ್ನೂ ಕಡಿಯಬೇಡಿ, ಯಾವ ಸಾಹೇಬರು ಬಾಯಿಮಾತಿನಲ್ಲಿ ಹೇಳಿದರೂ ಸರಿ.

ದಿನನಿತ್ಯದ ಕತ್ತರಿ

ಬೆಳಿಗ್ಗೆ ಮೊದಲು ಉದ್ದ ಬಿದಿರಿನಿಂದ ಇಬ್ಬನಿ ಬಡಿದು ಬೀಳಿಸಿ. ಆಮೇಲೆ ಮಷಿನ್. ಗ್ರೀನ್ ಎತ್ತರ ಬೇಸಿಗೆಯಲ್ಲಿ 4 ಮಿಲಿಮೀಟರ್ ಆಸುಪಾಸು, ಮಳೆಗಾಲದಲ್ಲಿ ಇನ್ನೂ ಒಂದೆರಡು ಮಿಲಿಮೀಟರ್ ಏರಿಸಿ. ಬಿಸಿಲು ಕಡಿಮೆಯಾದಾಗ ಎಲೆ ಹೆಚ್ಚಿದ್ದರೆ ಮಾತ್ರ ಹುಲ್ಲಿಗೆ ಊಟ. ಚೆಂಡು ನಿಧಾನವಾಗಿ ಉರುಳುತ್ತದೆಂದು ದೂರು ಬರುತ್ತದೆ, ಬರಲಿ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಲೆ ಕತ್ತರಿಸಬೇಡಿ. ನಾಲ್ಕು ದಿನ ಮಳೆ ಹಿಡಿದು ಹುಲ್ಲು ಎತ್ತರ ಬೆಳೆದಿದ್ದರೆ ಮೂರು ದಿನಗಳಲ್ಲಿ ಹಂತ ಹಂತವಾಗಿ ಇಳಿಸಿ.

ಬ್ಲೇಡು ಹರಿತವಿದೆಯೋ ಎಂದು ಬೆರಳಿನಿಂದ ನೋಡಬೇಡಿ. ಪತ್ರಿಕೆಯ ಒಂದು ಪಟ್ಟಿ ಹರಿದು ರೀಲಿಗೆ ಕೊಡಿ. ನೆನ್ನೆಯ ‘ಕರ್ನಾಟಕ ಮಲ್ಲ’ವಾದರೂ ಆಗುತ್ತದೆ. ಉದ್ದಕ್ಕೂ ಕ್ಲೀನಾಗಿ ಕತ್ತರಿಸಿದರೆ ಸರಿ. ಕಾಗದ ಮಡಚಿಕೊಂಡರೆ ಹುಲ್ಲೂ ಕತ್ತರಿಸದೆ ಹರಿಯುತ್ತದೆ, ಸಂಜೆಯ ಹೊತ್ತಿಗೆ ತುದಿ ಬಿಳಚಿ, ರೋಗ ಒಳಗೆ ಬರುತ್ತದೆ. ದಿನಾಲೂ ಒಂದೇ ದಿಕ್ಕಿಗೆ ಓಡಿಸಕೂಡದು.

ಹೆಜ್ಜೆ ಇಟ್ಟಲ್ಲಿ ನೀರು ಒಸರಿದರೆ ಆ ದಿನ ಯಾವ ಮಷಿನ್ನೂ ಇಲ್ಲ, ರೋಲರೂ ಇಲ್ಲ. ಡೀಸೆಲ್, ಎಣ್ಣೆ ತುಂಬುವುದು ಕಾಂಕ್ರೀಟಿನ ಮೇಲೆ ಮಾತ್ರ. ಹೈಡ್ರಾಲಿಕ್ ಕೊಳವೆ ಒಡೆದು ಬಿಸಿ ಎಣ್ಣೆ ಸುರಿದರೆ ಗ್ರೀನ್ ಉದ್ದಕ್ಕೂ ಕಂದು ಗೆರೆ ಏಳುತ್ತದೆ. ಅಂಥದ್ದಾದರೆ ಮುಚ್ಚಿಡಬೇಡಿ, ತಕ್ಷಣ ಸೋಪುನೀರು ಹಾಕಿ ತೊಳೆದು ಮುಕಾದಮರಿಗೆ ತಿಳಿಸಿ. ಹೇಳಿದವನ ಮೇಲೆ ಕೂಗಾಡುವ ಮುಕಾದಮನೇ ತಪ್ಪಿತಸ್ಥ: ಮುಂದಿನ ಸಲ ಯಾರೂ ಹೇಳುವುದಿಲ್ಲ.

ಕುಳಿ ದಿನಾ ಬದಲಿಸಿ. ಅಗಲ 108 ಮಿಲಿಮೀಟರ್, ಅಂಚಿನಿಂದ ನಾಲ್ಕು ಹೆಜ್ಜೆ ಒಳಗೆ, ಸುತ್ತ ಆದಷ್ಟು ಸಮತಟ್ಟಾಗಿರಬೇಕು. ಹಳೆಯ ಕುಳಿಗೆ ತುಂಬಿದ ಬಿಲ್ಲೆ ಕೂದಲೆಳೆಯಷ್ಟೂ ಮೇಲೆ ನಿಲ್ಲಬಾರದು. ನಿಂತರೆ ಮರುದಿನ ಬ್ಲೇಡು ಅದರ ತಲೆ ಬೋಳಿಸುತ್ತದೆ.

ತೂತು ಹಾಕುವುದು, ಮರಳು ಎರಚುವುದು

ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆ ಸರಿಯುವಾಗ ಗ್ರೀನ್ ಬಿಗಿದುಕೊಂಡಿರುತ್ತದೆ, ಬುಡದಲ್ಲಿ ಸತ್ತ ಹುಲ್ಲಿನ ಗಾದಿ ಬೆಳೆದಿರುತ್ತದೆ. ಆಗ ಪೊಳ್ಳುಮೊಳೆಯ ಮಷಿನ್ನಿನಿಂದ ಏಳೆಂಟು ಸೆಂಟಿಮೀಟರ್ ಆಳಕ್ಕೆ ತೂತು ಹಾಕಿ, ಮೇಲೆ ಬಂದ ಮಣ್ಣಿನ ಕಡ್ಡಿಗಳನ್ನು ಗುಡಿಸಿ, ಒಣ ಮರಳು ತುಂಬಿ. ತೂತು ಬಾಯಿವರೆಗೆ ತುಂಬಬೇಕು. ಅರ್ಧ ತುಂಬಿ ಬಿಟ್ಟ ತೂತು ಕೆಲಸ ಮಾಡದ ಕೊಳವೆ. ಮಳೆಗಾಲದ ನಟ್ಟನಡುವೆ ಈ ಕೆಲಸ ಬೇಡ. ಬೇಸಿಗೆಯಲ್ಲಿ ಎರಡನೆಯ ಸಲ ಬೇಕಿದ್ದರೆ ಏಪ್ರಿಲ್‌ನಲ್ಲಿ ಮಾಡಿ, ಮೇ ಕೊನೆಗೆ ನೂಕಬೇಡಿ.

ಸದಸ್ಯರು ಸಿಟ್ಟಾಗುವುದು ಈ ಎರಡು ವಾರ. ಗ್ರೀನ್ ಜರಡಿಯಂತೆ ಕಾಣುತ್ತದೆ, ಚೆಂಡು ಕುಣಿಯುತ್ತದೆ. ದಿನಾಂಕವನ್ನು ತಿಂಗಳ ಮುಂಚೆ ಫಲಕಕ್ಕೆ ಹಾಕಿ, ಯಾರ ಫೋನಿಗೂ ಮುಂದೂಡಬೇಡಿ. ಒಂದು ಪಂದ್ಯಾವಳಿಗೆಂದು ಮುಂದೂಡಿದ್ದು ದೀಪಾವಳಿಯವರೆಗೂ ಹೋಗುತ್ತದೆ, ಜನವರಿಗೆ ಹುಲ್ಲಿನ ಓಟ ನಿಧಾನವಾಗಿ ತೂತು ಮುಚ್ಚುವುದೇ ಇಲ್ಲ.

ಉಳಿದ ದಿನಗಳಲ್ಲಿ ಎರಡು ಮೂರು ವಾರಕ್ಕೊಮ್ಮೆ ತೆಳುವಾಗಿ ಮರಳು. ಒಂದು ಮಿಲಿಮೀಟರ್ ಎಂದರೆ 500 ಚದರ ಮೀಟರಿಗೆ ಅರ್ಧ ಘನಮೀಟರ್. ಗ್ರೀನ್ ಕಟ್ಟಿದ ಮರಳೇ ಇದಕ್ಕೂ ಆಗಬೇಕು.

ಜೇಕು ಕಂಡ ದಿನವೇ ಗಡ್ಡೆ ಸಮೇತ ಕೀಳಿ. ಮೇಲಿನ ಎಲೆ ಚಿವುಟಿದರೆ ಒಂದಿದ್ದದ್ದು ನಾಲ್ಕಾಗುತ್ತದೆ, ಇದನ್ನು ಹೊಲದವರಿಗೆ ಹೇಳಿಕೊಡಬೇಕಿಲ್ಲ.

ನೀರು

ಮುಂಬಯಿ ಕುಡಿಯುವುದು ಏಳು ಕೆರೆಗಳ ನೀರು. ಮೇ ತಿಂಗಳಲ್ಲಿ ಅವುಗಳ ಮಟ್ಟ ಇಳಿದಾಗ ಚಾಳಿನ ನಳದಲ್ಲಿ ನೀರು ಕಡಿತವಾಗುತ್ತದೆ. ಆಗ ಕುಡಿಯುವ ನೀರನ್ನು ಹುಲ್ಲಿಗೆ ಬಿಡಕೂಡದು. 2016ರ ಏಪ್ರಿಲ್‌ನಲ್ಲಿ, ಬರಗಾಲದ ನಡುವೆ ಪಿಚ್‌ಗೆ ನೀರು ಹಾಯಿಸುವ ಪ್ರಶ್ನೆ ಬಾಂಬೆ ಹೈಕೋರ್ಟಿಗೆ ಹೋಗಿ, ಆ ತಿಂಗಳ ನಂತರದ ಐಪಿಎಲ್ ಪಂದ್ಯಗಳನ್ನೇ ಮಹಾರಾಷ್ಟ್ರದಿಂದ ಹೊರಗೆ ಸಾಗಿಸಬೇಕಾಯಿತು. ಕ್ರಿಕೆಟ್ಟಿಗೇ ಹಾಗಾದರೆ ಗಾಲ್ಫ್ ಪರವಾಗಿ ಅಳುವವರು ಎಷ್ಟು ಜನ? ಶುದ್ಧೀಕರಿಸಿದ ಕೊಳಚೆನೀರು ಬಳಸಿ, ಅದರ ಉಪ್ಪಿನಂಶವನ್ನು ತಿಂಗಳಿಗೊಮ್ಮೆ ಅಳೆಯಿಸಿ, ಅಂಥ ನಳಕ್ಕೆ ‘ಕುಡಿಯಬೇಡಿ’ ಎಂದು ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆಯಿರಿ. ನೀರು ಕೊಡುವುದು ನಸುಕಿನಲ್ಲಿ. ಸಂಜೆ ಕೊಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಬೂಷ್ಟು ಹಿಡಿಯುತ್ತದೆ.

ಕೆಲಸಗಾರರ ಮೈ

ಇದನ್ನು ಯಾರೂ ಓದದೆ ಬಿಡಬಾರದು. ಮಳೆನೀರು ನಿಂತ ಜಾಗಕ್ಕೆ ಬರಿಗಾಲಲ್ಲಿ ಇಳಿಯಬೇಡಿ, ಇಲಿಜ್ವರ ಕಾಲಿನ ಸಣ್ಣ ಗಾಯದಿಂದಲೇ ಒಳಗೆ ಹೋಗುತ್ತದೆ. 2005ರ ಪ್ರವಾಹದ ನಂತರ ಈ ಊರು ಅದನ್ನು ಕಂಡಿದೆ. ಗಂಬೂಟು ಕೊಡುವುದು ಗುತ್ತಿಗೆದಾರನ ಕೆಲಸ, ಕೊಡದಿದ್ದರೆ ಇಳಿಯದಿರುವುದು ನಿಮ್ಮ ಹಕ್ಕು. ನೀರಿನಲ್ಲಿ ನಡೆದ ಮೇಲೆ ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗಿ ಸುಮ್ಮನಾಗಬೇಡಿ, ಪಾಲಿಕೆಯ ದವಾಖಾನೆಗೆ ಹೋಗಿ ನೀರಿಗಿಳಿದದ್ದನ್ನು ಹೇಳಿ.

ಔಷಧಿ ಹೊಡೆಯುವಾಗ ಕೈಗವಸು, ಮುಖಗವಸು, ಪೂರ್ತಿ ತೋಳಿನ ಅಂಗಿ. ಬಾಯಲ್ಲಿ ಗುಟ್ಕಾ, ಬೀಡಿ ಇರಕೂಡದು. ಮಳೆ ಬರುವ ಸೂಚನೆ ಇದ್ದರೆ ಹೊಡೆಯಲೇಬೇಡಿ: ಹೊಡೆದದ್ದು ನಾಲಾ ಸೇರಿ ಖಾಡಿಯ ಮೀನಿಗೆ ಹೋಗುತ್ತದೆ. ಖಾಲಿ ಡಬ್ಬಿಯನ್ನು ಮನೆಗೆ ಒಯ್ದು ನೀರು ತುಂಬಿಡುವುದನ್ನು ಇವತ್ತೇ ನಿಲ್ಲಿಸಿ. ಡಬ್ಬಿಗೆ ತೂತು ಹೊಡೆದು ಉಗ್ರಾಣಕ್ಕೆ ಲೆಕ್ಕ ಒಪ್ಪಿಸಿ. ಸೊಳ್ಳೆ ಹುಟ್ಟದಂತೆ ಡ್ರಮ್ಮು, ಟೈರು, ಬಕೆಟ್ಟಿನಲ್ಲಿ ನೀರು ನಿಲ್ಲಿಸಬೇಡಿ. ಕೊಳಗಳಿಗೆ ಗಪ್ಪಿ ಮೀನು ಬಿಡಿ.

ಮೇ ಕೊನೆಯಲ್ಲೂ ಅಕ್ಟೋಬರಿನಲ್ಲೂ ಸಂಜೆ ಗುಡುಗು ಕೇಳಿದ ಕೂಡಲೇ ಬಯಲು ಬಿಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಮಷಿನ್ ಅಲ್ಲೇ ಇರಲಿ.

ಆಡುವವರಿಗೆ

ನಿಮಗೆ ನಾಲ್ಕೇ ಸಾಲು. ಚೆಂಡು ಬಿದ್ದ ಗುಳಿಯನ್ನು ನೀವೇ ಸರಿಪಡಿಸಿ: ಅಂಚಿನ ಹುಲ್ಲನ್ನು ನಡುವಿಗೆ ತಳ್ಳಬೇಕು, ಕೆಳಗಿನಿಂದ ಮೀಟಿ ಎಬ್ಬಿಸಬಾರದು, ಎಬ್ಬಿಸಿದರೆ ಬೇರು ತುಂಡಾಗುತ್ತದೆ. ಬಂಕರಿನಿಂದ ಹೊರಬಂದ ಮೇಲೆ ಮರಳು ಸಮ ಮಾಡಿ. ಮಳೆಗಾಲದಲ್ಲಿ ತಾತ್ಕಾಲಿಕ ಗ್ರೀನ್ ತೋರಿಸಿದ್ದರೆ ಅದರಲ್ಲೇ ಆಡಿ, ಹಗ್ಗ ದಾಟಬೇಡಿ. ಗ್ರೀನ್ ವೇಗದ ಬಗ್ಗೆ ದೂರಿದ್ದರೆ ಕಚೇರಿಯ ಪುಸ್ತಕದಲ್ಲಿ ಬರೆಯಿರಿ. ಬಿಸಿಲಿನಲ್ಲಿ ಬಗ್ಗಿ ಜೇಕು ಕೀಳುತ್ತಿರುವ ಮಾಲಿಗೆ ಹೇಳಬೇಡಿ.