ಇಟಲಿಯ ಊಟದ ಮಾತುಗಳು

ಒಂದು ನಾಡಿನ ನುಡಿಯನ್ನು ಅರಿಯಬೇಕೆಂಬವನು ಮೊದಲು ಆ ನಾಡಿನ ಅಡಿಗೆಮನೆಯನ್ನು ಹೊಗಬೇಕು. ಇಟಲಿಯ ನುಡಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಅಲ್ಲಿಯ ತಿನಿಸುಗಳ ಹೆಸರುಗಳಲ್ಲಿ ಚಿತ್ರಗಳೇ ಅಡಗಿವೆ. ‘ಪಾಸ್ತಾ’ ಎಂದರೆ ನಾದಿದ ಹಿಟ್ಟು. ಅದು ನೀಳವಾದ ಎಳೆಯಾದರೆ ‘ಸ್ಪಗೆಟ್ಟಿ’, ಅಂದರೆ ಸಣ್ಣ ದಾರಗಳು. ಪಾತರಗಿತ್ತಿಯ ಆಕಾರ ತಳೆದರೆ ‘ಫಾರ್ಫಾಲ್ಲೆ’. ದಕ್ಷಿಣದ ಪುಲ್ಯಾ ಪ್ರಾಂತದ ‘ಒರೆಕ್ಕಿಯೆಟ್ಟೆ’ ಪುಟ್ಟ ಕಿವಿಗಳು. ಸಂಗಾತಿಗೆ ಅವರು ‘ಕೊಂಪಾನ್ಯೊ’ ಎನ್ನುತ್ತಾರೆ. ಜೊತೆಯಲ್ಲಿ ರೊಟ್ಟಿ ಉಣ್ಣುವವನೆಂಬುದೇ ಅದರ ಮೂಲಾರ್ಥ.

ಇಟಲಿಯ ರಾಜ್ಯಗಳು 1861ರಲ್ಲಿ ಒಂದುಗೂಡಿದವು; ಊಟದ ಮಾತುಗಳು ಮಾತ್ರ ಒಂದಾಗಲಿಲ್ಲ. ಕಲ್ಲಂಗಡಿ ಹಣ್ಣು ಉತ್ತರದವರಿಗೆ ‘ಅಂಗೂರಿಯಾ’, ನಡುನಾಡಿನವರಿಗೆ ‘ಕೊಕೋಮೆರೊ’, ದಕ್ಷಿಣದ ಹಲವೆಡೆ ‘ಮೆಲ್ಲೋನೆ’. 1891ರಲ್ಲಿ ಪೆಲ್ಲೆಗ್ರೀನೊ ಆರ್ತೂಸಿ ಎಂಬವರು ಬೇರೆ ಬೇರೆ ಪ್ರಾಂತಗಳ ಅಡಿಗೆಗಳನ್ನು ತಿಳಿಯಾದ ಇಟಾಲಿಯನ್ ಭಾಷೆಯಲ್ಲಿ ಬರೆದು, ಸ್ವಂತ ಖರ್ಚಿನಿಂದ ಪ್ರಕಟಿಸಿದರು. ಆ ಗ್ರಂಥವು ಮನೆಮನೆಗಳನ್ನು ಸೇರಿತು. ಆದರೂ ಊರೂರಿನ ಹೆಸರುಗಳು ಅಳಿಯಲಿಲ್ಲ; ಎಲ್ಲರಿಗೂ ತಿಳಿಯುವ ನುಡಿಯೊಡನೆ ಮನೆಯ ಮಾತೂ ಬಾಳಿತು.

ಇದನ್ನು ತಿಳಿದಾಗ ನಮಗೆ ನಮ್ಮ ತರಗತಿಯೇ ನೆನಪಾಯಿತು. ಮೈಸೂರಿನ ಕಡೆಯ ಮಕ್ಕಳ ‘ಕಡಲೆಕಾಯಿ’ ಧಾರವಾಡದ ಕಡೆಯವರಿಗೆ ‘ಶೇಂಗಾ’, ಮಂಗಳೂರಿನವರಿಗೆ ‘ನೆಲಗಡಲೆ’. ಒಬ್ಬರ ಮಾತಿಗೆ ಇನ್ನೊಬ್ಬರು ನಗುವರು. ನಾವೂ ಒಮ್ಮೆ ಬಾಲಕನೊಬ್ಬನ ಪ್ರಬಂಧದಲ್ಲಿ ‘ಶೇಂಗಾ’ ಎಂಬುದನ್ನು ಕೆಂಪು ಮಸಿಯಿಂದ ಹೊಡೆದುಹಾಕಿದ್ದೆವು. ಅದು ಅವನ ತಪ್ಪಲ್ಲ, ನಮ್ಮ ತಪ್ಪು. ತವರಿನಿಂದ ದೂರವಿರುವ ಮಗುವಿಗೆ ಊರು ಉಳಿದಿರುವುದು ಇಂಥ ಮಾತುಗಳಲ್ಲಿಯೇ.

ವಿದ್ಯಾರ್ಥಿಗಳೇ, ಗ್ರಂಥದ ಭಾಷೆಯನ್ನು ಚೆನ್ನಾಗಿ ಕಲಿಯಿರಿ. ಅಜ್ಜಿಯ ಅಡಿಗೆಮನೆಯ ಮಾತನ್ನೂ ಬಿಡದಿರಿ.